ಹಾಲೇಶನ ಎಡಗೈ

ಬಣಕಲ್ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಹೋದರೆ ರಸ್ತೆಯ ಬಲಕ್ಕೆ ತಗಡಿನ ಮಾಡಿನ ಒಂದು ರಿಪೇರಿ ಅಂಗಡಿ. ಸುತ್ತಲಿನ ಎಸ್ಟೇಟುಗಳ ಕಾಫಿಹಣ್ಣು ಸುಲಿಯುವ ಪಲ್ಪರ್, ಕಳೆ ಕತ್ತರಿಸುವ ವೀಡ್ ಕಟರ್, ಔಷಧಿ ಹೊಡೆಯುವ ಮೋಟಾರು, ಏನೇ ಕೆಟ್ಟರೂ ಅಲ್ಲಿಗೇ ಬರಬೇಕು. ಬಂದವರು ರಿಪೇರಿಯ ಜೊತೆಗೆ ಒಂದಿಷ್ಟು ಬೈಗುಳವನ್ನೂ ಪುಕ್ಕಟೆಯಾಗಿ ಕೇಳಿಸಿಕೊಂಡು ಹೋಗಬೇಕು. ಅಂಗಡಿ ಹಾಲೇಶನದು. ದೇವರಿಲ್ಲ ಅನ್ನುವುದನ್ನು ಅವನು ಗುಟ್ಟಾಗಿ ಇಟ್ಟುಕೊಂಡವನೇ ಅಲ್ಲ. ಆಯುಧಪೂಜೆಯ ದಿನ ಯಾರಾದರೂ ಹೊಸ ಮಿಷನ್ನಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದರೆ, "ಹಣ್ಣು ಮನೇಗೆ ತಗೊಂಡು ಹೋಗಿ ಶರಬತ್ತು ಮಾಡಿ ಕುಡೀರಿ. ಇದಕ್ಕೆ ಬೇಕಾಗಿರೋದು ಗ್ರೀಸು" ಎಂದು ಎಲ್ಲರೆದುರೇ ಹೇಳಿಬಿಡುತ್ತಿದ್ದ. ಬಂದವರಿಗೆ ಮುಖ ಸಪ್ಪಗಾಗುತ್ತಿತ್ತು. ಆದರೂ ಬರುತ್ತಿದ್ದರು, ಯಾಕೆಂದರೆ ಅವನ ಕೈಗೆ ಬಂದ ಮಿಷನ್ನು ಆ ಸೀಸನ್ನಿಗೆ ಮತ್ತೆ ಕೈಕೊಡುತ್ತಿರಲಿಲ್ಲ.

ಆ ಹಾಲೇಶ ಒಂದು ಬುಧವಾರ ಬೆಳಿಗ್ಗೆ, ಬಿಚ್ಚಿಟ್ಟ ಕಾರ್ಬೊರೇಟರಿನ ಮುಂದೆ ಸ್ಟೂಲಿನ ಮೇಲೆ ಕೂತವನು ಕೂತಲ್ಲೇ ವಾಲಿಬಿಟ್ಟ. ಪಕ್ಕದ ಹೋಟೆಲಿನವರು ಜೀಪಿಗೆ ಹಾಕಿಕೊಂಡು ಓಡಿದರು. ಮೂಡಿಗೆರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೆಂಡತಿ ಪ್ರೇಮಕುಮಾರಿ ಅಳಲಿಲ್ಲ. ಅಳಬೇಕು ಅನ್ನುವುದು ಗೊತ್ತಿತ್ತು. ಬಂದ ಹೆಂಗಸರೆಲ್ಲ ಅದಕ್ಕೇ ಕಾಯುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು. ಆದರೆ ಒಳಗೆ ಏನೂ ಅಲ್ಲಾಡಲಿಲ್ಲ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದ ಮನೆಯ ಭಾಗಮ್ಮ ಬಿಸಿನೀರು, ಸೋಪಿನ ಪುಡಿ ತಂದು ಕೈಗಳನ್ನು ಎಷ್ಟು ಉಜ್ಜಿದರೂ ಅಂಗೈಯ ಗೆರೆಗಳಲ್ಲಿದ್ದ ಕಪ್ಪು ಹೋಗಲಿಲ್ಲ. "ಬಿಡಿ ಭಾಗಮ್ಮ, ಅದು ಹೋಗಲ್ಲ" ಎಂದಳು ಪ್ರೇಮಕುಮಾರಿ. ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಒಲೆಯ ಮೇಲೆ ಅವನ ಮಧ್ಯಾಹ್ನದ ಊಟಕ್ಕೆಂದು ಇಟ್ಟಿದ್ದ ಪಲ್ಯ ಹಾಗೇ ಇದೆ, ಅದನ್ನು ಯಾರು ತಿನ್ನುತ್ತಾರೆ ಎಂದು ಅವಳ ತಲೆಯಲ್ಲಿ ಓಡುತ್ತಿತ್ತು.

ಮಧ್ಯಾಹ್ನಕ್ಕೆ ಮೊದಲು ಬಂದವರು ಬಾಲರಾಜ್ ಮೇಷ್ಟ್ರು. ಹಾಲೇಶನ ಮೂವತ್ತು ವರ್ಷದ ಗೆಳೆಯ. ಇಬ್ಬರೂ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ಜಗತ್ತಿನ ದೇವರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೆಳಗಿಳಿಸುತ್ತಿದ್ದರು. ಮೇಷ್ಟ್ರ ಸಿಟ್ಟಿಗೆ ಕಾರಣವಿತ್ತು. ಚಿಕ್ಕವರಿದ್ದಾಗ ಅವರನ್ನೂ ಅವರ ಅಪ್ಪನನ್ನೂ ಒಂದು ದೇವಸ್ಥಾನದ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದರು. ಅದನ್ನು ಅವರು ಮರೆಯಲಿಲ್ಲ, ಮರೆಯಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ದಿನ ಅವರು ಮಾಡಿದ್ದು ಬೇರೆ. ಒಳಗೆ ಬಂದವರೇ ಗೆಳೆಯನ ಮುಖ ನೋಡಿದರು, ಪಕ್ಕದಲ್ಲಿ ಪ್ರೇಮಕುಮಾರಿ ಹಚ್ಚಿಟ್ಟಿದ್ದ ದೀಪ ನೋಡಿದರು, ಬಗ್ಗಿ ಅದನ್ನು ಊದಿ ಆರಿಸಿದರು.

"ಇದೆಲ್ಲ ಬೇಡ ಅಕ್ಕ. ಹಾಲೇಶನಿಗೆ ಅವಮಾನ. ಮಂತ್ರ ಬೇಡ, ಅಯ್ನೋರು ಬೇಡ ಅಂತ ನನ್ನ ಹತ್ರ ಸಾವಿರ ಸಲ ಹೇಳಿದಾನೆ."

ಬತ್ತಿಯಿಂದ ಎದ್ದ ಹೊಗೆಯನ್ನು ಪ್ರೇಮಕುಮಾರಿ ನೋಡುತ್ತ ಕೂತಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಆಮೇಲೆ ಬಂದವನು ಅವಳ ಅಣ್ಣ ಓಂಕಾರಪ್ಪ, ಕಳಸದಲ್ಲಿ ಕಾಫಿ, ಮೆಣಸು ಕೊಳ್ಳುವ ವ್ಯಾಪಾರಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೊತೆಗೆ ಜೀಪಿನಲ್ಲಿ ಮಠದ ಅಯ್ನೋರು. ಓಂಕಾರಪ್ಪನ ಬಾಯಿಯೇನೂ ಮೇಷ್ಟ್ರದ್ದಕ್ಕಿಂತ ಕಡಿಮೆಯದಲ್ಲ. ಪ್ರೇಮಕುಮಾರಿಗೆ ಮಕ್ಕಳಾಗಲಿಲ್ಲ. ಹಿಂದೊಮ್ಮೆ ಅವನ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಾಗ, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ದೇವ್ರಿಲ್ಲ ಅನ್ನೋರ ಮನೇಲಿ ತೊಟ್ಟಿಲು ಹೆಂಗೆ ತೂಗುತ್ತೆ?" ಎಂದಿದ್ದ. ಎಲ್ಲದಕ್ಕೂ ಉತ್ತರ ಕೊಡುವ ಹಾಲೇಶ ಅಂದು ಎಲೆ ಬಿಟ್ಟು ಎದ್ದು ಕೈತೊಳೆದಿದ್ದ. ಮಗುವಿಗಾಗಿ ಅವಳು ಹರಕೆ ಹೊತ್ತ ದೇವಸ್ಥಾನಗಳಿಗೆಲ್ಲ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವನು ಅವನೇ. ಒಳಗೆ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಅವಳ ಚಪ್ಪಲಿ ಕಾಯುತ್ತಿದ್ದ. ಇದು ಓಂಕಾರಪ್ಪನಿಗೆ ಗೊತ್ತಿರಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ.

"ಅವ್ನ ಲಿಂಗ ಎಲ್ಲಿ ಪ್ರೇಮಾ?" ಎಂದ ಓಂಕಾರಪ್ಪ.

ಲಿಂಗ ಅವಳ ಹತ್ತಿರವೇ ಇತ್ತು. ಅವರಲ್ಲಿ ಹುಟ್ಟಿದಾಗ ಎಲ್ಲ ಮಕ್ಕಳಿಗೂ ಕಟ್ಟುವ ಹಾಗೆ ಹಾಲೇಶನಿಗೂ ಕಟ್ಟಿದ್ದರು. ಕಾಲೇಜಿಗೆ ಹೋದಾಗ ತೆಗೆದಿಟ್ಟಿದ್ದನ್ನು ಮದುವೆಗಾಗಿ, ತಾಯಿಯ ಕಣ್ಣೀರಿಗಾಗಿ, ಮತ್ತೆ ಕಟ್ಟಿಕೊಂಡಿದ್ದ. ಮದುವೆಯಾದ ವಾರಕ್ಕೆ ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಅವಳ ಕೈಗೆ ಕೊಟ್ಟು, "ಎಸೆಯೋಕೆ ಮನಸ್ಸಿಲ್ಲ, ಕಟ್ಕೊಳ್ಳೋಕೆ ನಂಬಿಕೆ ಇಲ್ಲ. ನೀನೇ ಇಟ್ಕೊಂಡಿರು" ಎಂದಿದ್ದ. ಅವಳು ಇಟ್ಟುಕೊಂಡಳು. ದಿನಾ ತನ್ನದರ ಜೊತೆ ಅದಕ್ಕೂ ಒಂದು ಪತ್ರೆ ಏರಿಸುತ್ತ ಬಂದಳು. ಇವತ್ತಲ್ಲ ನಾಳೆ ಮನಸ್ಸು ಬದಲಾಗುತ್ತದೆ ಎಂದು ಕಾದಳು. ಬದಲಾಗುವುದಿಲ್ಲ ಎಂದು ಗೊತ್ತಾದ ಮೇಲೆ, ಕೊನೆಗಾದರೂ ಇದು ಅವನ ಕೈ ಸೇರುತ್ತದಲ್ಲ ಎಂದುಕೊಂಡಳು. ಮಣ್ಣಿಗಿಡುವಾಗ ಎಡಗೈಯಲ್ಲಿ ಲಿಂಗ ಇಟ್ಟೇ ಇಡುತ್ತಾರೆ, ಅದನ್ನು ಯಾರೂ ತಪ್ಪಿಸಲಾರರು. ಆ ನಂಬಿಕೆಯ ಮೇಲೇ ಅವಳು ಅವನ ಜೊತೆ ಇಷ್ಟು ವರ್ಷ ನಿರಾಳವಾಗಿ ಬಾಳಿದ್ದಳು.

"ನನ್ನ ಹತ್ರ ಇದೆ ಅಣ್ಣ" ಎಂದು ಎದ್ದು ಹೋಗಿ ಕರಡಿಗೆ ತಂದು ಸೆರಗಿನಲ್ಲಿ ಮುಚ್ಚಿ ಹಿಡಿದಳು.

"ಇಡೋ ಹಾಗಿಲ್ಲ" ಎಂದರು ಮೇಷ್ಟ್ರು.

"ನೀವ್ಯಾರ್ರೀ ಹೇಳೋಕೆ? ಲಿಂಗ ಇಲ್ದೆ ಮಣ್ಣು ಮಾಡೋಕೆ ಅವ್ನೇನು ನಾಯಿಯಾ?"

"ಬದುಕಿದ್ದಾಗ ಅವನನ್ನ ನಾಯಿಗಿಂತ ಕಡೆಯಾಗಿ ನೋಡಿದೋರು ನೀವು. ಈಗ ಬಂದ್ಬಿಟ್ರಿ ಮೋಕ್ಷ ಕೊಡೋಕೆ."

ಅಯ್ನೋರು ವಯಸ್ಸಾದವರು. ಇಬ್ಬರ ಮಧ್ಯೆ ಕೂತು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡುತ್ತಿದ್ದರು. ಜಗಳ ಅಂಗಳಕ್ಕೂ ಇಳಿಯಿತು. ಗೋಡೆಗೆ ಒರಗಿ ಕೂತಿದ್ದವನ ಕಡೆ ಯಾರೂ ನೋಡುತ್ತಿರಲಿಲ್ಲ. ಪ್ರೇಮಕುಮಾರಿ ಮಾತ್ರ ಅವನ ಎಡಗೈಯನ್ನೇ ನೋಡುತ್ತಿದ್ದಳು.

ಆ ಕೈಯ ಕಥೆ ಗಂಡಹೆಂಡಿರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳು ಬಸ್ಸಿಳಿಯುವಾಗ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಬೆರಳಿನಿಂದ ಮೊಣಕೈವರೆಗೂ ಪ್ಲಾಸ್ಟರ್. ಲಿಂಗಪೂಜೆ ಅಂದರೆ ಎಡ ಅಂಗೈಯೇ ಪೀಠ, ಬಲಗೈಯಿಂದ ನೀರು, ವಿಭೂತಿ, ಪತ್ರೆ. ಎಡಗೈ ಇಲ್ಲ ಎಂದಮೇಲೆ ಪೂಜೆಯೂ ಇಲ್ಲ. ಪೂಜೆಯಿಲ್ಲದೆ ಅವಳು ತಿನ್ನುವವಳಲ್ಲ. ಒಂದು ದಿನ ಉಪವಾಸ ಕೂತಳು, ಎರಡನೆಯ ದಿನವೂ ಕೂತಳು. ಹಾಲೇಶ ಬೈದು ಸುಸ್ತಾದ. ಮಾರನೆಯ ಬೆಳಿಗ್ಗೆ ಪೆಟ್ರೋಲಿನಲ್ಲಿ ಕೈ ಉಜ್ಜಿ, ಆಮೇಲೆ ಸೋಪು ಹಚ್ಚಿ ತೊಳೆದುಕೊಂಡು ಬಂದು ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎಡಗೈ ಚಾಚಿದ.

"ಇಡು."

"ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಕೊಡಬಾರ್ದು ರೀ. ಅದೂ ನಂಬಿಕೆ ಇಲ್ಲದೋರ ಕೈಗೆ..."

"ನಂಬಿಕೆ ನಿಂದು, ನೀನೇ ಇಟ್ಕೋ. ನಾನು ಅಲ್ಲಾಡದ ಹಂಗೆ ಹಿಡ್ಕೊಂಡಿರ್ತೀನಿ, ಅಷ್ಟೇ. ಬೇಗ ಮುಗ್ಸು ಮಾರಾಯ್ತಿ, ನಂಗೆ ಹಸಿವು."

ಅವಳು ಇಟ್ಟಳು. ಅಯ್ನೋರಿಗೆ ತಿಳಿದರೆ ಏನನ್ನುತ್ತಾರೋ ಎಂಬ ಹೆದರಿಕೆಯಿಂದ ಬಾಗಿಲು ಹಾಕಿಕೊಂಡು ಇಟ್ಟಳು. ಅವನು ಕಣ್ಣು ಮುಚ್ಚಲಿಲ್ಲ, ತುಟಿ ಅಲ್ಲಾಡಿಸಲಿಲ್ಲ, ನಗಲೂ ಇಲ್ಲ. ನೆಲದ ಮೇಲೆ ಪೇಪರ್ ಹಾಸಿಕೊಂಡು ಓದುತ್ತಿದ್ದ. ಕೈ ಮಾತ್ರ ಕಲ್ಲು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ, ಸ್ವಲ್ಪ ಹೊತ್ತಿಗೇ ನಡುಗುತ್ತಿತ್ತು. ನಡುಕ ಶುರುವಾದರೆ "ರೀ, ಕೈ" ಎನ್ನುತ್ತಿದ್ದಳು. ಎಲ್ಲಿದ್ದರೂ ಬಂದು ಅವಳ ಅಂಗೈಯ ಕೆಳಗೆ ತನ್ನ ಅಂಗೈ ಕೊಡುತ್ತಿದ್ದ. ಇಂದು ಬೆಳಿಗ್ಗೆಯೂ ಕೊಟ್ಟಿದ್ದ. ಕೊಟ್ಟು, ತಿಂಡಿ ತಿಂದು, ಅಂಗಡಿಗೆ ಹೋಗಿದ್ದ.

ಹಾಗೆಂದು ಅವರದು ಸದಾ ಹಾಲುಜೇನಿನ ಸಂಸಾರವೇನಲ್ಲ. ಒಂದು ಸಲ ಅವನಿಗೆ ಇಲಿಜ್ವರ ಬಂದು ಪ್ರಜ್ಞೆ ತಪ್ಪಿದಾಗ ಅವಳು ಹೆದರಿ ಅವನ ಹಣೆಗೆ ವಿಭೂತಿ ಬಳಿದಿದ್ದಳು. ಚೇತರಿಸಿಕೊಂಡು ಕನ್ನಡಿ ನೋಡಿದವನು ಅವಳನ್ನು ಕರೆದು ಕೂರಿಸಿಕೊಂಡ. ಕಿರುಚಲಿಲ್ಲ. ಕಿರುಚಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಂಗೆ ಎಚ್ಚರ ಇಲ್ದಾಗ ಹಚ್ಚಬೇಡ ಪ್ರೇಮಾ. ಎಚ್ಚರ ಇರೋವಾಗ ಕೇಳು. ಬೇಡ ಅಂತೀನಿ. ಬೇಡ ಅನ್ನೋಕೆ ನಂಗೊಂದು ಅವಕಾಶ ಬೇಕಲ್ಲ?"

"ನೀವು ಅಂಗಡೀಲಿ ಕೂತು ನಮ್ಮ ದೇವ್ರನ್ನ ಬೈವಾಗ ನನ್ನ ಕೇಳಿ ಬೈತೀರಾ?" ಎಂದು ಅವಳೂ ಬಿಡಲಿಲ್ಲ.

ಅಂದಿನಿಂದ ಅವಳ ಕಿವಿಗೆ ಬೀಳುವ ಹಾಗೆ ಅವನು ದೇವರ ಮಾತೆತ್ತಲಿಲ್ಲ. ಅಂಗಡಿಯಲ್ಲಿ ಮಾತ್ರ ಬಾಯಿ ಎಂದಿನಂತೆಯೇ ಇತ್ತು.

ಸಂಜೆಯ ಹೊತ್ತಿಗೆ ಹೊತ್ತುಕೊಂಡು ಹೋದರು. ಅವರಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತಾರೆ. ಪ್ರೇಮಕುಮಾರಿಯೂ ಭಾಗಮ್ಮನ ತೋಳು ಹಿಡಿದು ಹೋದಳು. ಕಾಲು ನಡೆಯುತ್ತಿತ್ತು, ನಡೆಯುತ್ತಿರುವುದು ತಾನು ಎನ್ನಿಸಲಿಲ್ಲ. ಹಾಲೇಶನನ್ನು ಗುಂಡಿಯೊಳಗೆ ಇಳಿಸಿ ಕೂರಿಸಿದರು. ಎಡಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟರು. ಅಯ್ನೋರು ಗುಂಡಿಯ ಅಂಚಿನಲ್ಲಿ ನಿಂತು, "ತಾಯಿ, ಲಿಂಗ ಕೊಡಿ" ಎಂದರು. ಮೇಷ್ಟ್ರು ಮುಂದೆ ಬಂದರು. ಓಂಕಾರಪ್ಪ ಅವರ ಎದೆಗೆ ಕೈ ಅಡ್ಡ ಹಿಡಿದು, "ಕೊಡು ಪ್ರೇಮಾ, ಯಾರು ತಡೀತಾರೋ ನಾನು ನೋಡ್ತೀನಿ" ಎಂದ.

ಕರಡಿಗೆ ಅವಳ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು. ಇಷ್ಟು ವರ್ಷ ಕಾದ ಗಳಿಗೆ ಇದೇ. ಕೆಳಗೆ ತೆರೆದ ಅಂಗೈ, ಗೆರೆಗಳಲ್ಲಿ ಗ್ರೀಸಿನ ಕಪ್ಪು. ಇಟ್ಟರೆ ಅದು ಬೇಡ ಅನ್ನುವುದಿಲ್ಲ. ಇಡದಿದ್ದರೆ ಅವನು ಎಲ್ಲಿಗೆ ಹೋಗುತ್ತಾನೋ, ತಾನು ಸತ್ತಮೇಲೆ ಮತ್ತೆ ಕಾಣುತ್ತಾನೋ ಇಲ್ಲವೋ. ಅವನಿಗೆ ಆ ಯೋಚನೆ ಇರಲಿಲ್ಲ, ಅವಳಿಗೆ ಇತ್ತು. ಕಾಣದೇ ಹೋಗಬಹುದು ಎಂಬುದು ಗೊತ್ತಿದ್ದೇ ಅವಳು ಬಾಯಿ ತೆರೆದಳು.

"ಬೇಡ ಅಣ್ಣ."

"ಏನು?"

"ಅವ್ರಿಗೆ ಎಚ್ಚರ ಇಲ್ಲ. ಕೇಳೋಕಾಗಲ್ಲ. ಕೈ ಹಂಗೇ ಇರ್ಲಿ."

ಓಂಕಾರಪ್ಪ ಬಾಯಿಗೆ ಬಂದದ್ದನ್ನೆಲ್ಲ ಅಂದ. ಗಂಡನನ್ನು ಕೈಯಾರೆ ನರಕಕ್ಕೆ ತಳ್ಳುವವಳು ಎಂದ. ಮೇಷ್ಟ್ರ ಮುಖ ಅರಳಿತು. "ಭೇಷ್ ಅಕ್ಕ! ಇಷ್ಟು ದಿನಕ್ಕೆ ನೀವೂ ಈ ಮೂಢನಂಬಿಕೆಯಿಂದ..." ಎಂದು ಶುರುಮಾಡಿದರು.

"ನೀವು ಸುಮ್ನಿರಿ ಮೇಷ್ಟ್ರೇ" ಎಂದಳು ಪ್ರೇಮಕುಮಾರಿ. "ನೀವು ನನ್ನ ದೀಪ ಆರಿಸಿದೋರು. ಅವ್ರು ಒಂದಿನಾನೂ ಆರಿಸಲಿಲ್ಲ."

ಮೇಷ್ಟ್ರು ತಲೆ ತಗ್ಗಿಸಿದರು. ಅಯ್ನೋರು ಏನು ಅರ್ಥ ಮಾಡಿಕೊಂಡರೋ, ಮಂತ್ರ ಹೇಳಲಿಲ್ಲ, ಹೊರಟೂ ಹೋಗಲಿಲ್ಲ. ಮೊದಲ ಹಿಡಿ ಮಣ್ಣನ್ನು ಅವರೇ ಹಾಕಿದರು. ಖಾಲಿ ಅಂಗೈಯೊಳಗೆ ಮಣ್ಣು ಬಿದ್ದದ್ದನ್ನು ಅವಳು ನೋಡಿದಳು. ಆಗಲೂ ಅಳು ಬರಲಿಲ್ಲ.

ಕಳಸದ ಕಡೆ ಹೊರಡಲು ಹೊತ್ತಾಗಿದ್ದರಿಂದ ಓಂಕಾರಪ್ಪ ತಂಗಿಯ ಮನೆಯ ಜಗುಲಿಯಲ್ಲೇ ಮಲಗಿದ. ಅವಳ ಜೊತೆ ಒಂದು ಮಾತೂ ಆಡಲಿಲ್ಲ, ಅವಳು ತಂದಿಟ್ಟ ನೀರನ್ನೂ ಮುಟ್ಟಲಿಲ್ಲ.

ಬೆಳಗಾಯಿತು. ಪ್ರೇಮಕುಮಾರಿ ಎಂದಿನ ಹಾಗೆ ಎದ್ದಳು, ಸ್ನಾನ ಮಾಡಿದಳು, ಎಂದಿನ ಜಾಗದಲ್ಲಿ ಕೂತಳು. ಎರಡು ಕರಡಿಗೆಗಳನ್ನೂ ಮುಂದಿಟ್ಟುಕೊಂಡು ತನ್ನದನ್ನು ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ನೀರೆರೆದಳು. ವಿಭೂತಿ ಹಚ್ಚಿದಳು. ಏನೂ ಅನ್ನಿಸುತ್ತಿರಲಿಲ್ಲ. ಅಭ್ಯಾಸದ ಕೈ ಅಭ್ಯಾಸದ ಕೆಲಸ ಮಾಡುತ್ತಿತ್ತು. ಪತ್ರೆ ಏರಿಸುವ ಹೊತ್ತಿಗೆ ಮಣಿಕಟ್ಟು ನಡುಗತೊಡಗಿತು.

"ರೀ, ಕೈ" ಎಂದಳು.

ಜಗುಲಿಯಲ್ಲಿ ಓಂಕಾರಪ್ಪ ಎದ್ದು ಕೂತ. "ಯಾರನ್ನ ಕರೆದೆ ಪ್ರೇಮಾ?" ಎಂದು ಕೇಳಿದ.

ಉತ್ತರ ಕೊಡಲು ಬಾಯಿ ತೆರೆದ ಪ್ರೇಮಕುಮಾರಿ ಅಳಲು ಶುರುಮಾಡಿದಳು.