ಕಣ್ಣು ಬರೆಯದ ಪಡೆ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಸೈನ್ಯವಿದೆ. ಹೆಬ್ಬೆರಳಿನಷ್ಟು ಎತ್ತರದ ಆಳುಗಳು, ಆದರೆ ಒಬ್ಬೊಬ್ಬನನ್ನೂ ಅಂಗೈಯಲ್ಲಿಟ್ಟರೆ ತೂಕದ ಕಲ್ಲಿಟ್ಟ ಹಾಗೆ ಭಾರ. ಎಲ್ಲ ಲೋಹದ ಬೊಂಬೆಗಳು. ಮೇಜಿನ ಮೇಲೆ ಗುಡ್ಡ, ಕೋಟೆ ಜೋಡಿಸಿ, ದಾಳ ಉರುಳಿಸಿ ಯುದ್ಧವಾಡುವ ಆಟಕ್ಕೆ ಇವು ಬೇಕು. ಪೊಟ್ಟಣದಲ್ಲಿ ಬರುವಾಗ ತಲೆ ಬೇರೆ, ತೋಳು ಬೇರೆ, ಕತ್ತಿ ಬೇರೆ. ಜೋಡಿಸುವುದೂ ಬಣ್ಣ ಹಚ್ಚುವುದೂ ತರಿಸಿಕೊಂಡವರ ಕರ್ಮ. ಮೊದಲ ಪಾರ್ಸೆಲ್ ತಂದ ಕೊರಿಯರ್‌ನವನು ಅದನ್ನು ಕೈಯಲ್ಲಿ ತೂಗಿ ನೋಡಿ, "ಏನ್ ಮೇಡಂ, ನಟ್ಟು ಬೋಲ್ಟು ತರಿಸ್ಕಂಡ್ರಾ?" ಎಂದಿದ್ದ. ಐವತ್ತರ ಹತ್ತಿರದ ಗಂಡ ಹೆಂಡತಿ ಆಟದ ಬೊಂಬೆ ತರಿಸಿದ್ದೇವೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೌದಪ್ಪಾ ಎಂದು ಬಾಗಿಲು ಹಾಕಿಕೊಂಡೆ.

ಈ ಹುಚ್ಚು ಹಿಡಿಸಿದ್ದು ನಮ್ಮ ಯಜಮಾನರು. ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲ್ ರಿಪೇರಿ ಅವರ ಕೆಲಸ. ತರೀಕೆರೆಯಿಂದ ದಿನಾ ರೈಲಿನಲ್ಲಿ ಓಡಾಡುವಾಗ ಮೊಬೈಲಿನಲ್ಲಿ ನೋಡಿ ಅಂಟಿಸಿಕೊಂಡು ಬಂದರು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹೀಗಾಗಿ ಕೆಲಸ ತಾನಾಗಿ ಹಂಚಿಹೋಯಿತು. ಜೋಡಣೆ ಅವರದು. ಭಾರದ ತೋಳು ಬರೀ ಅಂಟಿಗೆ ನಿಲ್ಲುವುದಿಲ್ಲ. ಭುಜಕ್ಕೂ ತೋಳಿಗೂ ಸಣ್ಣ ಕೈಡ್ರಿಲ್ಲಿನಿಂದ ತೂತು ಕೊರೆದು, ಒಳಗೆ ತಂತಿಯ ತುಂಡು ಕೂರಿಸಿ, ಆಮೇಲೆ ಅಂಟು ಹಾಕಬೇಕು. ಅಷ್ಟು ಮಾಡಿ, ಅರದಿಂದ ಅಂಚು ಉಜ್ಜಿ, ಸೋಪಿನ ನೀರಲ್ಲಿ ತೊಳೆದು ನನಗೆ ಒಪ್ಪಿಸುತ್ತಿದ್ದರು. ಬಣ್ಣ ನನ್ನದು. ಬಣ್ಣ ಪೂರ್ತಿಯಾಗದ ಬೊಂಬೆ ಆಟಕ್ಕಿಳಿಯುವಂತಿಲ್ಲ ಎಂಬುದು ನಮ್ಮ ಮನೆಯ ಕಾನೂನು. ಮಾಡಿದವಳೂ ನಾನೇ.

ಎಡವಟ್ಟಾದದ್ದು ಬೊಂಬೆಗಳ ಕಣ್ಣಿನ ವಿಷಯದಲ್ಲಿ. ಈ ಹವ್ಯಾಸದವರೆಲ್ಲ ಕಣ್ಣನ್ನು ಮೊದಲು ಬರೆಯುತ್ತಾರೆ. ಆಗ ಕೈ ತಪ್ಪಿದರೂ ಬೇರೆಯದೇನೂ ಕೆಡುವುದಿಲ್ಲ. ನನಗದು ಒಗ್ಗಲಿಲ್ಲ. ಅಜ್ಜಂಪುರದಲ್ಲಿ ನಮ್ಮಪ್ಪ ಗಣಪತಿ ಮಾಡುತ್ತಿದ್ದವರು. ಬುಕ್ಕಾಂಬುಧಿ ಕೆರೆಯ ಮಣ್ಣಿನ ಮೂರ್ತಿಗಳು ಕಿರೀಟ, ಸೊಂಡಿಲು, ಪಂಚೆಯ ಅಂಚು ಎಲ್ಲ ಮುಗಿದು, ಕಣ್ಣಿಲ್ಲದೆ ಪಡಸಾಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ಹಬ್ಬದ ಹಿಂದಿನ ದಿನ ಸ್ನಾನ ಮಾಡಿ, ಯಾರೊಡನೆಯೂ ಮಾತಾಡದೆ, ಕೂತಲ್ಲಿಂದ ಏಳದೆ ಅಪ್ಪ ಎಲ್ಲಕ್ಕೂ ಕಣ್ಣು ಬರೆಯುತ್ತಿದ್ದರು. ಕಣ್ಣು ಯಾವಾಗಲೂ ಕೊನೆಗೆ. ಈ ಪಡೆಯನ್ನೂ ನಾನು ಹಾಗೇ ಮಾಡಿದೆ. ವರ್ಷಕ್ಕೂ ಹೆಚ್ಚು ಕಾಲ ಕೂತು ಕವಚದ ತುಕ್ಕು, ಬೂಟಿನ ಕೆಸರು, ಗಡ್ಡದ ನರೆ ಎಲ್ಲ ಬರೆದೆ. ಕಣ್ಣುಗಳನ್ನು ದಸರಾ ರಜೆಯಲ್ಲಿ ಒಟ್ಟಿಗೆ ಬರೆದರಾಯಿತು ಎಂದು ಬಿಟ್ಟೆ.

ರಜೆಗೆ ಮೊದಲೇ ಬಲಗೈ ನಡುಗತೊಡಗಿತು.

ಗೊತ್ತಾಗಿದ್ದು ಕ್ಲಾಸಿನಲ್ಲಿ. ಬೋರ್ಡಿನ ಮೇಲೆ ವೃತ್ತ ಬರೆಯಲು ಹೋದರೆ ಗೆರೆ ಅಲುಗಿತು. ಸುಸ್ತಿರಬೇಕು ಎಂದುಕೊಂಡೆ. ಶಿವಮೊಗ್ಗದ ಡಾಕ್ಟರು ಬೆರಳು ತಟ್ಟಿಸಿ, ನಡೆಸಿ, ಕಾಗದದ ಮೇಲೆ ಸುರುಳಿ ಬರೆಸಿ ನೋಡಿದರು. ಇದು ನಡುಕದ ನರರೋಗ, ವಾಸಿಯಾಗುವಂಥದ್ದಲ್ಲ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಸಣ್ಣ ಬ್ರಷ್ ಹಿಡಿಯಕ್ಕಾಗುತ್ತಾ?" ಅವರು ನನ್ನ ಬದಲು ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಿದರು.

ಇನ್ನೇನು ಹೋದರೂ ಹೋಗಲಿ, ಆ ಕಣ್ಣುಗಳನ್ನು ನಾನೇ ಬರೆಯಬೇಕು ಎಂಬ ಹಟ ಹಿಡಿಯಿತು. ಸಾಸಿವೆಗಿಂತ ಚಿಕ್ಕ ಕಣ್ಣು, ಬಿಳಿಯ ಮೇಲೆ ಒಂದು ಕಪ್ಪು ಚುಕ್ಕೆ, ಅಷ್ಟೇ ಕೆಲಸ. ಮೊಣಕೈ ಮೇಜಿಗೆ ಒತ್ತಿ ನೋಡಿದೆ. ಎಡಗೈಯಿಂದ ಬಲಗೈ ಹಿಡಿದು ನೋಡಿದೆ. ಮಣಿಕಟ್ಟಿಗೆ ಬಟ್ಟೆ ಸುತ್ತಿ ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿಯೂ ನೋಡಿದೆ. ಚುಕ್ಕೆ ಮೂಗಿಗೆ ಹೋಯಿತು, ಹುಬ್ಬಿಗೆ ಹೋಯಿತು. ಒರೆಸಿದಾಗೆಲ್ಲ ಮುಖದ ಬಣ್ಣವೂ ಕಿತ್ತುಬಂದು ಕೆಳಗಿನ ಲೋಹ ಕಾಣಿಸಿತು. ಬ್ರಷ್ ಎಸೆದೆ, ಎತ್ತಿಕೊಂಡೆ, ಮತ್ತೆ ಎಸೆದೆ. ಹಾಳಾದ ಕೈ ಎಂದು ನನ್ನ ಕೈಯನ್ನೇ ಬೈದೆ.

"ಕಣ್ ಇಲ್ದಿದ್ರೆ ಏನಾಯ್ತೀಗ? ಹಂಗೇ ಆಡಣ ಬಾರೇ," ಎಂದರು ಯಜಮಾನರು.

"ಕುರುಡು ಸೈನ್ಯ ಕಟ್ಕಂಡು ನೀವೇ ಆಡ್ಕಳಿ," ಎಂದೆ. ಅವರು ತಟ್ಟೆ ತೊಳೆಯಲು ಹೋದರು. ಜಗಳಕ್ಕೂ ನಿಲ್ಲದೆ ಹೋದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ತಹಬದಿಗೆ ಬರುತ್ತಿತ್ತು, ಆದರೆ ಕಣ್ಣು ಬರೆಯುವಷ್ಟಲ್ಲ. ಒಂದಕ್ಕೆ ಇಷ್ಟಾದರೆ ಮೂರಕ್ಕೆ ಎಷ್ಟಾದೀತು ಎಂಬ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತು. ಒಂದು ಭಾನುವಾರ ಯಜಮಾನರು ತರಕಾರಿಗೆ ಹೋದದ್ದೇ ತಡ, ಮೂರು ಮಾತ್ರೆ ಒಟ್ಟಿಗೆ ನುಂಗಿ ಬ್ರಷ್ ಹಿಡಿದು ಕಾದೆ. ಕೈ ನಿಲ್ಲಲಿಲ್ಲ. ತಲೆ ಸುತ್ತಿತು, ಕುತ್ತಿಗೆ ಭುಜಗಳು ನನ್ನ ಮಾತು ಕೇಳದೆ ತಿರುಚಾಡತೊಡಗಿದವು. ಅವರು ಬಂದು ನೋಡುವಾಗ ನಾನು ಬಚ್ಚಲ ನೆಲದ ಮೇಲೆ ವಾಂತಿ ಮಾಡಿಕೊಂಡು ಕೂತಿದ್ದೆ.

ಡಾಕ್ಟರಿಗೆ ಫೋನು ಮಾಡಿ, ಆಟೋದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ, ಸಂಜೆ ಮನೆಗೆ ತಂದು ಮಲಗಿಸಿದ ಮೇಲೆ ಅವರು ಬಾಯಿ ಬಿಟ್ಟರು. ಮದುವೆಯಾದಾಗಿನಿಂದ ನನ್ನನ್ನು ಬೈದವರಲ್ಲ.

"ಬೊಂಬೆ ಕಣ್ಣಿಗೋಸ್ಕರ ಸಾಯಕ್ ಹೊರಟಿದ್ಯೇನೇ? ನಾನೊಬ್ಬ ಇದೀನಿ ಅನ್ನೋದು ನಿಂಗೆ ಕಾಣಲ್ವಾ?"

"ಕಣ್ಣಿಗಲ್ಲ ಕಣ್ರೀ," ಎಂದೆ. "ಈ ಕೈ ಒಂದೇ ನಂದು ಅಂತ ಇದ್ದಿದ್ದು. ಅದೂ ಹೋಯ್ತು ಅಂದ್ರೆ ನನ್ನತ್ರ ಇನ್ನೇನಿದೆ?"

ಅವರು ಗೋಡೆ ಕಡೆ ತಿರುಗಿ ಅತ್ತರು. ನಾನೂ ಅತ್ತೆ. ಮಾತ್ರೆಗಳ ಡಬ್ಬಿಯನ್ನು ಅವರು ಜೇಬಿಗೆ ಹಾಕಿಕೊಂಡರು, ಈಗಲೂ ಅದು ಅವರ ಜೇಬಿನಲ್ಲೇ ಇರುತ್ತದೆ, ಕೆಲಸಕ್ಕೆ ಹೋಗುವಾಗ ಆ ದಿನದ ಮಾತ್ರೆ ಮಾತ್ರ ಎಣಿಸಿ ಇಟ್ಟು ಹೋಗುತ್ತಾರೆ.

ಮಾರನೇ ದಿನ ರಜೆ ಹಾಕಿದರು. ಕನ್ನಡಕ ಏರಿಸಿ, ನನ್ನ ಕುರ್ಚಿಯಲ್ಲಿ ಕೂತು, ಬ್ರಷ್ ಹಿಡಿದು, "ಹೇಳ್ಕೊಡು," ಎಂದರು. ಬೇಡ ಎನ್ನುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಉಸಿರು ಪೂರ್ತಿ ಬಿಡಿ, ಬಿಟ್ಟ ಮೇಲೆ ಚುಕ್ಕೆ ಇಡಿ, ಎಳೀಬೇಡಿ, ಮುಟ್ಟಿಸಿದ್ರೆ ಸಾಕು ಎಂದೆ. ಮೊದಲ ಆಳಿನ ಒಂದು ಕಣ್ಣು ಕಡೂರಿಗೂ ಇನ್ನೊಂದು ಶಿವಮೊಗ್ಗಕ್ಕೂ ತಿರುಗಿತು. ಅಂಥ ಸಂಕಟದಲ್ಲೂ ನಗು ಬಂತು. ನಾಲ್ಕನೆಯವನು ಪರವಾಗಿಲ್ಲ ಎನಿಸಿದ. ಆಮೇಲೆ ಅವರ ದಪ್ಪ ಬೆರಳುಗಳಿಗೆ ಹದ ಸಿಕ್ಕಿತು. ಕಣ್ಣುಗಳು ನೆಟ್ಟಗಾದಷ್ಟೂ ನನ್ನ ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ. ಹೇಳಿಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ವಾರ ಕಳೆಯುವುದರೊಳಗೆ ಬಾವುಟ ಹಿಡಿದ ಮುದುಕನೊಬ್ಬ ಉಳಿದ. "ಇವ್ನು ನಂಗೆ," ಎಂದೆ. ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಉಸಿರು ಪೂರ್ತಿ ಬಿಟ್ಟು ಎಡಗಣ್ಣಿಗೆ ಬ್ರಷ್ ಮುಟ್ಟಿಸಿದೆ. ಚುಕ್ಕೆ ಸರಿಯಾದ ಜಾಗದಲ್ಲೇ ಕೂತಿತು. ಎತ್ತುವಾಗ ಕೈ ಹಾರಿತು. ಕಣ್ಣಿನಿಂದ ಕೆನ್ನೆ ದಾಟಿ ಗಡ್ಡದವರೆಗೆ ಒಂದು ಕಪ್ಪು ಗೆರೆ ಬಿತ್ತು.

ಅವರು ಗಡಿಬಿಡಿಯಲ್ಲಿ ಒದ್ದೆ ಬಟ್ಟೆ ಎತ್ತಿಕೊಂಡರು.

"ಒರೆಸ್ಬೇಡಿ," ಎಂದೆ. "ನಾನು ಬರೆಯೋ ಕೊನೇ ಕಣ್ಣು ಅದು."

ಅವರು ಬಟ್ಟೆ ಕೆಳಗಿಟ್ಟರು. ಇನ್ನೊಂದು ಕಣ್ಣು ಬರೆಯದೆಯೇ ಆ ಮುದುಕನನ್ನು ಷೋಕೇಸಿನಲ್ಲಿ, ಪಡೆಯ ಮುಂದೆ ನಿಲ್ಲಿಸಿದೆವು.