ಅಮ್ಮನ ಮಾತಿಗೆ ಮಗ ದುಭಾಷಿ

ಅತ್ತೆಯ ಮರೆವು ಎಷ್ಟಿದೆ ಎಂದು ನೋಡಿ ಹೋಗಲು ನಗರಸಭೆಯಿಂದ ಒಬ್ಬರು ಬರುತ್ತಾರೆ ಎಂದು ಗೊತ್ತಾದಾಗಿನಿಂದ ನನ್ನ ಗಂಡನಿಗೆ ಒಂದೇ ಗಾಬರಿ. ಜಪಾನಿನ ವಾಕೋ ಊರಿನ ನಮ್ಮ ಪುಟ್ಟ ಮನೆಯ ಪರದೆಗಳನ್ನೆಲ್ಲ ಒಗೆದದ್ದಾಯಿತು. ಅಮ್ಮನಿಗೆ ರೇಷ್ಮೆ ಸೀರೆ ಉಡಿಸು ಎಂದರು. "ಯಾಕ್ರೀ, ಹೆಣ್ಣು ನೋಡೋಕೆ ಬರ್ತಿದಾರಾ?" ಎಂದೆ. ಅವರು ಕಿಟಕಿ ಒರೆಸಲು ಹೋದರು.

ಮರೆವಿನ ಕಾಯಿಲೆಯವರು ಮರ್ಯಾದೆಯಿಂದ ಬಾಳಬೇಕು, ಅವರನ್ನು ನೋಡಿಕೊಳ್ಳುವವರಿಗೂ ಆಸರೆ ಸಿಗಬೇಕು ಎಂದು ಈ ದೇಶ ಕಾನೂನನ್ನೇ ಮಾಡಿಕೊಂಡಿದೆ. ಕಾನೂನೇನೋ ಒಳ್ಳೆಯದೇ. ಆದರೆ ಯಾರಿಗೆ ಎಷ್ಟು ನೆರವು ಎಂಬುದರಲ್ಲಿ, ಮನೆಗೆ ಬಂದವರು ಏನು ಕಂಡರು ಎಂಬುದಕ್ಕೆ ದೊಡ್ಡ ಪಾಲಿದೆ. ಕಾಯಿಲೆ ಹಗುರ ಎಂದಾದರೆ ಹಗಲು ಆರೈಕೆ ಕೇಂದ್ರಕ್ಕೆ ಅತ್ತೆ ವಾರಕ್ಕೊಮ್ಮೆ ಹೋದರೆ ಹೆಚ್ಚು. ನನ್ನ ಆಫೀಸು ಕೊಟ್ಟಿದ್ದ ಆರೈಕೆ ರಜೆ ಮುಗಿಯುತ್ತಾ ಬಂದಿತ್ತು. ಆಮೇಲೆ ಕೆಲಸ ಬಿಡಬೇಕಾದವಳು ನಾನೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನನ್ನ ಗಂಡ ಇಲ್ಲಿನ ಒಂದು ಲ್ಯಾಬಿನಲ್ಲಿ ಇದೇ ಕಾಯಿಲೆಯ ಸಂಶೋಧಕರು. ಇಲಿ ಮರೆತರೆ ಬರೆದುಕೊಳ್ಳುತ್ತಾರೆ. ಅಮ್ಮ ಮರೆತರೆ ತಿದ್ದುತ್ತಾರೆ.

ಬಂದವರು ಮಧ್ಯವಯಸ್ಸಿನ ಹೆಂಗಸು. "ಸುಮಿಮಾಸೆನ್" ಎಂದು ಬಾಗಿ, ಬೂಟು ಬಿಚ್ಚಿ ಒಳಗೆ ಬಂದರು. ಅತ್ತೆಗೆ ಬರುವುದು ಕನ್ನಡ ಮಾತ್ರ. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ನನ್ನ ಜಪಾನಿ ಬೀದಿಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವಷ್ಟು. ಹಾಗಾಗಿ ಗಂಡನೇ ನಗರಸಭೆಯವರ ಪಕ್ಕ ಕೂತು ದುಭಾಷಿಯಾದರು.

ಈಗ ಯಾವ ಕಾಲ ಎಂಬುದು ಮೊದಲ ಪ್ರಶ್ನೆ. ಹೊರಗೆ ಬೆವರು ಕಿತ್ತುಬರುವ ಸೆಕೆ.

"ಮಾಗಿ ಚಳಿ ಅಲ್ವಾ? ಪಾಪ, ಅವರಿಗೊಂದು ಶಾಲು ಕೊಡಿ" ಎಂದರು ಅತ್ತೆ.

ಗಂಡ ಜಪಾನಿಯಲ್ಲಿ "ಬೇಸಿಗೆ" ಎಂದರು. ಆ ಪದ ನನಗೂ ಗೊತ್ತು.

ಬೆಳಿಗ್ಗೆ ಏನು ತಿಂದಿರಿ ಎಂದರೆ ಅತ್ತೆ ಉಪ್ಪಿಟ್ಟು ಎಂದರು. ನಾನು ಮಾಡಿದ್ದು ದೋಸೆ. ಗಂಡ ದೋಸೆಯೆಂದೇ ಹೇಳಿ, ಅದನ್ನು ಮಾಡುವ ಬಗೆಯನ್ನೂ ಕೈಸನ್ನೆಯಲ್ಲಿ ವಿವರಿಸಿದರು. ಸ್ನಾನದ ಪ್ರಶ್ನೆಗೆ ಅತ್ತೆ, "ನಾನೇ ಮಾಡ್ಕೋತೀನಿ. ಇನ್ಯಾರು ಮಾಡಿಸ್ತಾರೆ?" ಎಂದರು. ಅದೊಂದು ಮಾತ್ರ ಇದ್ದ ಹಾಗೇ ಜಪಾನಿಗೆ ಹೋಯಿತು. ದಿನಾ ಸ್ನಾನ ಮಾಡಿಸುವ ನನಗೆ ಮೈಯೆಲ್ಲ ಉರಿದುಹೋಯಿತು.

"ರೀ, ಇರೋದನ್ನ ಹೇಳ್ರೀ."

"ಅಮ್ಮನ ಮುಂದೇನಾ? ಸುಮ್ನಿರು."

ಅದೂ ಸರಿಯೇ. ಎದುರಿಗೆ ಕೂತ ಅತ್ತೆಯ ಒದ್ದೆ ಹಾಸಿಗೆಯ ಸುದ್ದಿಯನ್ನು ಪರರ ಮುಂದೆ ಎತ್ತಲು ನನಗೂ ನಾಲಿಗೆ ಏಳಲಿಲ್ಲ.

ಪ್ರಶ್ನೆಗಳು ಮುಗಿದವು. ಆಕೆ ಹೊರಟು ನಿಂತಾಗ ಅತ್ತೆ ಕುಂಕುಮದ ಬಟ್ಟಲು ತರಿಸಿದರು. ಏನೆಂದು ಗೊತ್ತಾಗದಿದ್ದರೂ ಆಕೆ ಹಣೆಯೊಡ್ಡಿದರು. ನನ್ನ ಕೆಲಸ ಹೋಯಿತು ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ.

ಆಕೆ ಬಾಗಿಲಲ್ಲಿ ಕೂತು ಒಂದು ಬೂಟು ಹಾಕಿಕೊಂಡಿದ್ದರು. ಅತ್ತೆ ನನ್ನ ಗಂಡನ ಕಡೆ ತಿರುಗಿ ಕೈಮುಗಿದರು.

"ನೀವೂ ಅವಾಗ್ಲಿಂದ ಮಾತಾಡಿ ಸುಸ್ತಾಗಿದೀರ ಸಾರ್. ಊಟ ಮಾಡ್ಕೊಂಡೇ ಹೋಗಿ. ನನ್ನ ಮಗ ಇನ್ನೇನು ಬಂದ್ಬಿಡ್ತಾನೆ, ಅವನನ್ನೂ ನೋಡ್ದಂಗಾಗತ್ತೆ."

ಅಷ್ಟು ಹೊತ್ತು ಆಕೆಯ ಪಕ್ಕದಲ್ಲಿ ಕೂತು ಜಪಾನಿ ಮಾತಾಡಿದವನು ನಗರಸಭೆಯವನೇ ಎಂದು ಅತ್ತೆ ಅಂದುಕೊಂಡಿದ್ದರು. ಅಮ್ಮ ಏನು ಹೇಳಿದರು ಎಂದು ಆಕೆ ತಲೆಯೆತ್ತಿ ಕೇಳಿದರು. ಗಂಡ ಆಕೆಯ ಎದುರು ಮಂಡಿಯೂರಿ ಕೂತರು. ಆಮೇಲೆ ನಿಧಾನವಾಗಿ ಜಪಾನಿಯಲ್ಲಿ ಹೇಳಿದರು. ಈ ಸಲ ಏನನ್ನೂ ತಿದ್ದಲಿಲ್ಲ ಎಂದು ಆಕೆಯ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ನನಗೆ ಅಳು ಬಂತು, ಆದರೆ ಸಿಟ್ಟು ಪೂರ್ತಿ ಹೋಗಿರಲಿಲ್ಲ.

ಆಕೆ ಬೂಟು ಬಿಚ್ಚಿ ಮತ್ತೆ ಒಳಗೆ ಬಂದರು. ಅತ್ತೆಯನ್ನು ಟಿವಿ ಮುಂದೆ ಕೂರಿಸಿ, ಅಡುಗೆಮನೆಯಲ್ಲಿ ನನ್ನನ್ನು ಕೇಳಿದರು. ನಾನು ಸ್ನಾನದಿಂದ ಹಾಸಿಗೆಯವರೆಗೆ ಎಲ್ಲ ಹೇಳಿದೆ. ಗಂಡ ಎಲ್ಲವನ್ನೂ ಹಾಗೇ ದಾಟಿಸಿದರು. ಮುಂದಿನ ತಿಂಗಳುಗಳಲ್ಲಿ ಅತ್ತೆ ಕೇಂದ್ರಕ್ಕೆ ಹೋಗತೊಡಗಿದರು, ನಾನು ಆಫೀಸಿಗೆ.

ಅವತ್ತು ಆಕೆ ಹೋದ ಮೇಲೆ ನಾನು ಎಲೆಕೋಸಿನ ಪಲ್ಯ ಬಿಸಿ ಮಾಡಿದೆ. ಗಂಡ ಅತಿಥಿಯ ಹಾಗೆ ಮೇಜಿನ ತುದಿಯಲ್ಲಿ ಕೂತರು. ಅತ್ತೆಯೇ ತುಪ್ಪ ಬಡಿಸಿದರು.

"ಸಂಕೋಚ ಮಾಡ್ಕೋಬೇಡಿ" ಎಂದರು. "ನನ್ನ ಮಗನಿಗೂ ಇಷ್ಟೇ ತುಪ್ಪ ಬೇಕು."