ಹಬ್ಬದ ಮರುದಿನದ ಅಡುಗೆ

ಚೌತಿಯ ಮರುದಿನ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿದ್ದಿತ್ತು. ಮಿಕ್ಕ ಕಡುಬುಗಳನ್ನು ನನ್ನ ಹೆಂಡತಿ ತೆಳ್ಳಗೆ ಹೆಚ್ಚಿ, ಬಿ.ಸಿ. ರೋಡಿನ ನಮ್ಮ ಮನೆಯ ತಾರಸಿಯಲ್ಲಿ ಹಳೆಯ ಸೀರೆಯ ಮೇಲೆ ಹರಡಿದ್ದಳು. ಸಂಜೆ ಅವನ್ನು ಒಳಗೆ ತರಲು ಹೋದೆ. ಅರೆ ಒಣಗಿದ ಅಕ್ಕಿಯ ಸಣ್ಣ ಹುಳಿವಾಸನೆ, ಅದರೊಳಗೆ ಹಲಸಿನೆಲೆಯ ಪರಿಮಳ... ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ಹಬ್ಬದ ಅಡುಗೆ ಮಿಕ್ಕರೆ ಒಣಗಿಸಿಡುವ ಈ ಕ್ರಮವನ್ನು ಅವಳು ಕಲಿತದ್ದು ನನ್ನ ಅಮ್ಮನಿಂದ. ಅಮ್ಮ ಕಲಿತದ್ದು ಗುರುವಾಯನಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬ್ಯಾರಿ ಹೆಂಗಸಿನಿಂದ. ಅವರ ಮಗ ಕರೆಯುತ್ತಿದ್ದಂತೆ ನಾವೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾವು ನೆರಿಯದಿಂದ ಬಂದು ಅಲ್ಲಿ ಬಾಡಿಗೆಗಿದ್ದೆವು. ಉಮ್ಮನ ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಒಬ್ಬನೇ ಮಗ ಶಾರ್ಜಾದ ದಿನಸಿ ಅಂಗಡಿಯೊಂದರಲ್ಲಿದ್ದ, ಊರಿಗೆ ಬರದೆ ನಾಲ್ಕು ವರ್ಷವಾಗಿತ್ತು. ಬಕ್ರೀದ್ ಹಬ್ಬಕ್ಕೆ, ಅವರ ಮಾತಿನಲ್ಲಿ ಪೆರ್ನಾಲಿಗೆ, ಉಮ್ಮನ ಮನೆ ತುಂಬ ನೆಂಟರು. ಆದರೆ ಅವರ ನಿಜವಾದ ಅಡುಗೆ ಶುರುವಾಗುತ್ತಿದ್ದದ್ದು ಮರುದಿನ.

ಮಿಕ್ಕ ತುಪ್ಪದ ಅನ್ನವನ್ನು ಬೆಳಿಗ್ಗೆ ರುಬ್ಬಿ, ಈರುಳ್ಳಿ ಹಾಕಿ ಕಾವಲಿಯಲ್ಲಿ ತಟ್ಟುತ್ತಿದ್ದರು. ಮೆತ್ತಗಾದ ಅಕ್ಕಿರೊಟ್ಟಿಯಲ್ಲಿ ಅರ್ಧ ಹರಿದು ಬೆಲ್ಲ ಹಾಕಿದ ಹಾಲಿಗೆ ಬೀಳುತ್ತಿತ್ತು, ಇನ್ನರ್ಧ ಬಿಸಿಲಿಗೆ ಹೋಗುತ್ತಿತ್ತು. ಉಳಿದ ತೆಂಗಿನಹಾಲನ್ನು ಎಣ್ಣೆ ಬಿಡುವವರೆಗೂ ಕುದಿಸಿ, ಆ ಎಣ್ಣೆಯಲ್ಲೇ ಆಡಿನ ಮಾಂಸದ ಪಲ್ಯವನ್ನು ಕಾಳುಮೆಣಸಿನ ಪುಡಿ ಹಾಕಿ ಕಪ್ಪಗಾಗುವಷ್ಟು ಹುರಿಯುತ್ತಿದ್ದರು. ಉಮ್ಮನ ಮನೆಯಲ್ಲಿ ಬೆಕ್ಕಿಗೂ ಏನೂ ಸಿಗುವುದಿಲ್ಲ ಎಂದು ಅವರ ನಾದಿನಿಯರೇ ನಗುತ್ತಿದ್ದರು. ಉಮ್ಮನೂ ನಗುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಆ ಹುರಿದ ಮಾಂಸವೂ ಒಣಗಿದ ರೊಟ್ಟಿಯೂ ಒಂದು ತಗಡಿನ ಡಬ್ಬಿ ಸೇರಿ, ಗಲ್ಫಿಗೆ ಹೊರಟ ಯಾರದೋ ಕೈಯಲ್ಲಿ ಮಗನಿಗೆ ಹೋಗುತ್ತಿದ್ದವು. ಒಮ್ಮೆ ಅಮ್ಮ ಕೇಳಿದರು, "ಹೊರಡುವವರು ಸಿಕ್ಕಿದ ಮೇಲೆ ಹೊಸತು ಮಾಡಿ ಕಳಿಸಿದರೆ ಆಗುವುದಿಲ್ವಾ?"

"ಹೊಸತು ಮಾಡಿದರೆ ಅದು ಪೆರ್ನಾಲಿನದ್ದು ಆಗುವುದಿಲ್ಲಕ್ಕ," ಎಂದರು ಉಮ್ಮ. "ಎಲ್ಲರೂ ಉಂಡ ಪಾತ್ರೆಯಿಂದಲೇ ಅವನಿಗೂ ಸಿಗಬೇಕು."

ನಾನು ಶಾರ್ಜಾಕ್ಕೆ ಹೊರಟದ್ದು ಅಂಥ ಒಂದು ಪೆರ್ನಾಲು ಕಳೆದ ವಾರ. ವೀಸಾ ಮಾಡಿಸಿದವನು ಉಮ್ಮನ ಮಗನೇ. ಹೊರಡುವ ದಿನ ಉಮ್ಮ ಡಬ್ಬಿ ತಂದು ನನ್ನ ಎರಡೂ ಕೈಯಲ್ಲಿಟ್ಟರು. ಅದರ ಬಾಯಿಗೆ ಬಟ್ಟೆ ಸುತ್ತಿ ಹೊಲಿದವರು ನನ್ನ ಅಮ್ಮ.

ಬಸ್ಸಿನಲ್ಲಿ ಮುಂಬೈ ತಲುಪಿ ವಿಮಾನ ನಿಲ್ದಾಣಕ್ಕೆ ಹೋದರೆ ಸಾಮಾನು ಹೆಚ್ಚು ತೂಗಿತು. ಏನಾದರೂ ತೆಗೆಯಬೇಕು ಎಂದರು. ನನ್ನ ಚೀಲದಲ್ಲಿ ಅಮ್ಮನ ಮಾವಿನ ಉಪ್ಪಿನಕಾಯಿಯೂ ಇತ್ತು, ಉಮ್ಮನ ಡಬ್ಬಿಯೂ ಇತ್ತು. ಹೇಗೂ ಹಬ್ಬದಲ್ಲಿ ಮಿಕ್ಕದ್ದಲ್ಲವಾ ಅಂದುಕೊಂಡೆ. ಡಬ್ಬಿಯನ್ನು ಒಂದು ಕಂಬದ ಬುಡದಲ್ಲಿಟ್ಟು ಬಂದೆ. ಹಿಂತಿರುಗಿ ನೋಡಿದೆನೋ ಇಲ್ಲವೋ... ನೆನಪಿಲ್ಲ.

ಶಾರ್ಜಾದಲ್ಲಿ ನನ್ನನ್ನು ಕರೆದೊಯ್ಯಲು ಬಂದ ಉಮ್ಮನ ಮಗ ಮೊದಲು ಕೇಳಿದ್ದೇ ಅದನ್ನು. "ಉಮ್ಮ ಎಂತ ಕೊಟ್ಟಿದ್ದಾರೆ?"

"ಏನೂ ಕೊಡಲಿಲ್ಲ," ಎಂದೆ. ತೂಕದ ವಿಷಯ ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಉಪ್ಪಿನಕಾಯಿ ಬಂದು ತಲುಪಿತ್ತಲ್ಲ, ಆ ನಾಚಿಕೆ ಬಾಯಿ ಕಟ್ಟಿತು. ಅವನು ನನ್ನ ಚೀಲ ಎತ್ತಿಕೊಂಡು ನಡೆದ.

ತಿಂಗಳಾದ ಮೇಲೆ ಅಮ್ಮನ ಕಾಗದ ಬಂತು. ಆಗ ಗಲ್ಫಿನ ಫೋನು ಬರುತ್ತಿದ್ದದ್ದು ಪೇಟೆಯ ಒಂದು ಅಂಗಡಿಗೆ. ಮಗನ ಕರೆ ಬಂದಾಗ ಉಮ್ಮನ ಜೊತೆ ಅಮ್ಮನೂ ಹೋಗಿದ್ದರಂತೆ. ಆಚೆಯಿಂದ ಮಗ ಕೇಳಿದ್ದೇನೆಂದು ಅಮ್ಮನಿಗೆ ಕೇಳಿಸಲಿಲ್ಲ. ಉಮ್ಮ ಅಮ್ಮನ ಕಡೆ ಒಮ್ಮೆ ನೋಡಿ, "ಹೌದು ಮಗಾ, ಈ ಸಲ ಏನೂ ಉಳಿಯಲಿಲ್ಲ," ಎಂದರಂತೆ. 'ಡಬ್ಬಿ ನಿನ್ನ ಕೈಯಲ್ಲೇ ಕೊಟ್ಟದ್ದಲ್ಲವಾ?' ಎಂದು ಅಮ್ಮ ಬರೆದಿದ್ದರು. ಆ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ.

ಎರಡು ವರ್ಷ ಕಳೆದು ರಜೆಯಲ್ಲಿ ಊರಿಗೆ ಬಂದಾಗ ಉಮ್ಮನ ಮುಖ ನೋಡಲು ಹೆದರಿಕೆಯಾಗಿತ್ತು. ಅವರು ಕೇಳಿದ್ದು ಅಲ್ಲಿ ಊಟಕ್ಕೆ ಕಷ್ಟವಾಯಿತಾ ಎಂದು ಮಾತ್ರ. ನಾಳೆ ಹೇಳುವ, ನಾಡಿದ್ದು ಹೇಳುವ ಅಂದುಕೊಳ್ಳುತ್ತಲೇ ರಜೆ ಮುಗಿಯಿತು. ನಡುವೆ ಪೆರ್ನಾಲೂ ಬಂದು ಹೋಯಿತು. ಹೊರಡುವ ದಿನ ಉಮ್ಮ ಮತ್ತೆ ಬಂದರು. ಕೈಯಲ್ಲಿ ಅಂಗೈಯಗಲದ ಒಂದು ಡಬ್ಬಿ.

"ಈ ಸಲ ಸಣ್ಣದು ಮಗಾ," ಎಂದರು. "ಹಿಡಿದು ನೋಡು, ಭಾರ ಇಲ್ಲ."

ಡಬ್ಬಿ ದಾರಿಯಲ್ಲೇ ಉಳಿದದ್ದನ್ನು ಅವರು ಊಹಿಸಿದ್ದರು. ಆ ಡಬ್ಬಿಯನ್ನು ನಾನು ಶಾರ್ಜಾದವರೆಗೂ ತೊಡೆಯ ಮೇಲಿಟ್ಟುಕೊಂಡು ಹೋದೆ. ಉಮ್ಮನ ಮಗ ತೆರೆದು ಮೂಸಿ ನೋಡಿ, ಎರಡು ತುಂಡು ನನಗೂ ಕೊಟ್ಟ.

ಉಮ್ಮ ತೀರಿಕೊಂಡದ್ದು ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಿಗೆ. ಆಗ ನಾನೂ ಅವರ ಮಗನೂ ಗಲ್ಫ್ ಬಿಟ್ಟು ಊರು ಸೇರಿದ್ದೆವು. ಮೂರನೆಯ ದಿನ ಹೋದಾಗ ಅವನು ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಅದೂ ಇದೂ ಮಾತಾಡುತ್ತ, ತಾನಾಗಿಯೇ ಹೇಳಿದ.

"ಒಂದು ವರ್ಷ ಉಮ್ಮ ನನಗೆ ಏನೂ ಕಳಿಸಲಿಲ್ಲ, ನೀನು ಬಂದ ವರ್ಷ. ಮನೆ ತುಂಬ ನೆಂಟರು ಉಂಡು ಹೋಗಿದ್ದಾರೆ, ನನ್ನ ನೆನಪಿಲ್ಲ ಅಂತ ಸಿಟ್ಟು ಬಂತು. ಫೋನಿನಲ್ಲಿ ಏನೂ ಉಳಿಯಲಿಲ್ಲ ಅಂದರಲ್ಲ, ಅದರ ನಂತರ ಮೂರು ತಿಂಗಳು ಫೋನು ಮಾಡಲಿಲ್ಲ ನಾನು. ಉಮ್ಮ ಪ್ರತಿ ಶುಕ್ರವಾರ ಫೋನಿನ ಅಂಗಡಿಗೆ ಹೋಗಿ ಕಾದು ಕೂರ್ತಿದ್ದರಂತೆ."

ಆ ಮೂರು ತಿಂಗಳ ವಿಷಯ ನನಗೆ ಗೊತ್ತಿರಲಿಲ್ಲ. ಅಲ್ಲಿ ಒಂದೇ ಕೋಣೆಯಲ್ಲಿದ್ದರೂ ಗೊತ್ತಾಗಿರಲಿಲ್ಲ. ಕಂಬದ ಬುಡದಿಂದ ಹಿಡಿದು ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಬಯ್ಯಲೂ ಇಲ್ಲ.

"ಇದನ್ನು ಉಮ್ಮ ಇರುವಾಗ ಹೇಳಬೇಕಿತ್ತು ಮಾರಾಯ," ಎಂದ ಕೊನೆಗೆ. "ತಪ್ಪಾಯಿತು ಅಂತ ಅವರ ಹತ್ತಿರ ಒಂದು ಮಾತು ಹೇಳ್ತಿದ್ದೆ ನಾನು."

ಈಗಲೂ ಪೆರ್ನಾಲಿಗೆ ಕರೆಯುತ್ತಾನೆ. ಹೋಗುತ್ತೇನೆ, ಜೊತೆಗೆ ಕೂತು ಉಣ್ಣುತ್ತೇವೆ. ಆ ವಿಷಯ ಅವನು ಮತ್ತೆ ಎತ್ತಿಲ್ಲ. ಆದರೆ ಉಮ್ಮನ ಕ್ಷಮೆ ಕೇಳುವ ಅವಕಾಶ ನನಗೆ ಇತ್ತು, ನಾನೇ ಕಳೆದುಕೊಂಡೆ. ತಾನೂ ಕ್ಷಮೆ ಕೇಳಬೇಕಿತ್ತೆಂದು ಉಮ್ಮ ಇರುವವರೆಗೂ ಅವನಿಗೆ ಗೊತ್ತೇ ಇರಲಿಲ್ಲ.